ಪರದಿ ಇಳಸ್ರೇ ಯವ್ವಾ

ಜನವರಿ 6, ಸೋಮವಾರ. ಬೆಳಗ್ಗೆ, ಗ್ರೌಂಡಿಂದ ಬಂದ ಮೇಲೆ

ಬಿಸಿನೀರು, ಉಪ್ಪು, ಗುಳಗುಳ. ಮೊಣಕಾಲಿಗೆ ಎಣ್ಣೆ. ಬಾಲಿನ ಚೀಲ ಸ್ಕೂಟರಿನಲ್ಲಿ ಕಾಲ ಹತ್ತಿರ, ಕೋನ್‌ಗಳು ಹಿಂದಿನ ಸೀಟಿಗೆ. ಕುರುಬರಹಳ್ಳಿಯಿಂದ ಜ್ಞಾನಭಾರತಿ ಕಡೆಯ ನಮ್ಮ ಮಣ್ಣಿನ ಗ್ರೌಂಡು. ಎಲ್ಲಾ ದಿನದ ಹಾಗೇ — ಒಂದು ಬಿಟ್ಟು. ಗೇಟು ತೆಗೆಯುವಾಗ "ಲತಾ, ಬರ್ತೀನೀ!" ಅಂತ ಕೂಗಲಿಲ್ಲ. ಆ ಕೂಗು ಕೇಳಿದ ಮೇಲೇ ಎದುರುಮನೆಯವರು ಹಾಲು ಒಲೆಗಿಡೋದು. ಪಾಪ, ಇವತ್ತು ಅವರ ಕಾಫಿ ಲೇಟು.

ಮೌನ! ಈ ಯೋಗಾನಂದನಿಗೆ ಮೌನ! ಯಾರಲ್ಲಿ! ನಡುಗಲಿ ಸಿಂಹಾಸನ!

ಸಿಂಹಾಸನ ಅಂದರೆ ವರಾಂಡದ ಪ್ಲಾಸ್ಟಿಕ್ ಕುರ್ಚಿ. ಒಂದು ಕಾಲು ಆಗಲೇ ನಡುಗುತ್ತೆ.

ಶನಿವಾರ ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ಡಾಕ್ಟ್ರು ಶಶಿಕಲಾ ಮೂಗಿನೊಳಗಿಂದ ಕ್ಯಾಮೆರಾ ಇಳಿಸಿದರು. ಟಿವಿಯಲ್ಲಿ ತೋರಿಸಿದರು. ನನ್ನ ಧ್ವನಿಪೆಟ್ಟಿಗೆ! ಎರಡು ಬಿಳಿ ತಂತಿ. ಒಂದರ ಮೇಲೆ ಹಿತಕಿದ ಅವರೆಕಾಳಿನಂಥ ಗಂಟು.

"ಪೂರ್ತಿ ಮೌನ ಸಾರ್. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ತಿಂಗಳ ಕೊನೆಗೆ ನೋಡೋಣ. ಕರಗದಿದ್ರೆ ಆಪರೇಷನ್. ಆಮೇಲೆ ಧ್ವನಿ ಹೇಗಿರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಅಂದ್ಹಾಗೆ, ಏನು ನಿಮ್ಮ ಕೆಲಸ?"

"ಕೂಗೋದು" ಅಂದೆ.

ಅದೇ ಕೊನೆಯ ಮಾತು. ಇದಕ್ಕಿಂತ ಗಂಭೀರವಾದ ಡೈಲಾಗು ಹೊಡೆದು ನಿರ್ಗಮಿಸಬಹುದಿತ್ತು.

ಲತಾ ಬರುವಾಗ ದಾರಿಯಲ್ಲಿ ಈ ಡೈರಿ ಕೊಂಡಳು. ನನ್ನ ತೊಡೆಯ ಮೇಲಿಟ್ಟು, "ತಗೊಳ್ಳಿ. ಇದ್ರಲ್ಲಿ ಕೂಗ್ಕೊಳ್ಳಿ" ಅಂದಳು. ಇಂಥ ಹೆಂಡತಿ ಯಾರಿಗುಂಟು.

ಅದೇ ದಿನ, ಸಂಜೆ

ಬೆಳಗಿನ ಪ್ರಾಕ್ಟೀಸ್ ಬಗ್ಗೆ ಬರೆಯೋದೇ ಮರೆತೆ.

ಹುಡುಗಿಯರು ಸಾಲಾಗಿ ನಿಂತರು. ನಾನು ಬಾಯಿ ಬಿಡಲಿಲ್ಲ. ಎಲ್ಲರ ಮುಖ ಬಿಳುಚಿಕೊಂಡಿತು. ಕ್ಯಾಪ್ಟನ್ ರಮ್ಯಶ್ರೀ ಪಕ್ಕದವಳಿಗೆ, "ಏನ್ ಮಾಡಿದ್ವೇ? ಸಾರ್ ಫುಲ್ ಸಿಟ್ಟಾಗಿದಾರೆ ಕಣೇ" ಅಂದದ್ದು ಕೇಳಿಸಿತು. ಸ್ಲೇಟು ಎತ್ತಿ ಹಿಡಿದೆ: ಗಂಟಲು ಕೆಟ್ಟಿದೆ. ಡಾಕ್ಟ್ರು ಮಾತು ಬೇಡ ಅಂದಿದಾರೆ. ಕೋಪ ಇಲ್ಲ.

 ಹಿಂದಿನ ಸಾಲಿಂದ ಯಾರೋ — "ಸಾರ್ ಮ್ಯೂಟ್!"

ನಕ್ಕರು ನೋಡಿ. ನಾನೂ ನಕ್ಕೆ. ಸದ್ದಿಲ್ಲದೆ ನಗೋದು ಬಲು ಕಷ್ಟ, ಹೊಟ್ಟೆ ನೋಯುತ್ತೆ.

ಆಟ ಶುರುವಾಯ್ತು. ಆಗ ಗೊತ್ತಾಯ್ತು. ಗ್ರೌಂಡಿನಲ್ಲಿ ಕಾಗೆ ಸದ್ದು, ಸ್ಟಿಕ್ಕಿನ ಸದ್ದು, ಶೂ ಸದ್ದು. ಮನುಷ್ಯರ ಸದ್ದಿಲ್ಲ! ಅಷ್ಟು ಜನ ಹುಡುಗಿಯರು — ಒಬ್ಬಳೂ ಇನ್ನೊಬ್ಬಳನ್ನು ಕರೆಯೋದಿಲ್ಲ. ಬಾಲ್ ಬಂದ ಕೂಡಲೇ ನನ್ನ ಕಡೆ ನೋಡ್ತಾರೆ. ಮಾತು ಮರೆತ ಪಾತ್ರಧಾರಿ ಸೈಡ್‌ವಿಂಗ್ ಕಡೆ ನೋಡೋ ಹಾಗೆ. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಹೇಳಿಕೊಡೋನೇ ಮೂಗ.

ಹಾಕಿ ಕಪ್ ಶುರುವಾಗೋದು ಹತ್ತೊಂಬತ್ತಕ್ಕೆ.

ಜನವರಿ 9, ಗುರುವಾರ

ಅಮ್ಮ ಊಟ ಬಿಟ್ಟಿದ್ದಾಳೆ.

ನಮ್ಮಮ್ಮ ಅಕ್ಕಯ್ಯಮ್ಮನವರ ಕಿವಿ ಮಂದವಾಗಿ ಬಹಳ ಕಾಲವಾಯ್ತು. ಲತಾ ಹೇಳಿದ್ದು ಕೇಳಲ್ಲ. ಟಿವಿ ಕೇಳಲ್ಲ. ಗುಡುಗು ಕೇಳಲ್ಲ. ನನ್ನ ಧ್ವನಿ ಮಾತ್ರ ಕೇಳುತ್ತೆ. ಅಡುಗೆಮನೆಯಿಂದ ನಾನು "ಅಮ್ಮಾ, ಮುದ್ದೆ!" ಅಂದರೆ ಹಿತ್ತಲಿನಲ್ಲಿ ಇವಳು "ಬಂದೆ ಕಣೋ, ಅದ್ಯಾಕೆ ಹಂಗೆ ಕಿರುಚ್ತೀಯ" ಅನ್ನೋಳು. ಕಿವಿಗೆ ಹಾಕೋ ಮಿಷನ್ನು ಕೊಡಿಸಿದ್ದೆ. ಡ್ರಾದಲ್ಲಿದೆ. "ನನ್ ಮಗ ಇರ್ಬೇಕಾದ್ರೆ ಮಿಷನ್ ಯಾಕೆ?" ಅಂತ ಬಂದವರ ಮುಂದೆಲ್ಲ ಹೇಳೋಳು.

ಈಗ ಮಗನ ಬಾಯಿ ಮುಚ್ಚಿದೆ. ಸ್ಲೇಟು ತೋರಿಸೋಣ ಅಂದರೆ ಓದು ಬಾರದು. ಲತಾ ಗಂಟಲು ಮುಟ್ಟಿ ತೋರಿಸಿ ಸನ್ನೆ ಮಾಡಿದಳು. ಅಮ್ಮ ತಿಳಿದುಕೊಂಡದ್ದೇ ಬೇರೆ — "ಗಂಟ್ಲಲ್ಲಿ ಇಳಿಯಲ್ವಾ? ಸಾರು ಅಷ್ಟು ಕೆಟ್ಟಿದ್ಯಾ?" ಅಂತ ಸೊಸೆಯ ಮೇಲೇ ತಿರುಗಿದಳು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ — "ನನ್ ಮೇಲೆ ಕೋಪನಾ ಯೋಗಾ?"

 ಕೂಗಿಬಿಡೋಣ ಅನಿಸಿತು. ಒಂದೇ ಒಂದು ಮಾತು. ಲತಾ ನನ್ನ ಬಾಯಿ ಮೇಲೆ ಕೈ ಇಟ್ಟಳು.

ಮಿಷನ್ ಹಾಕಿ ನೋಡಿದೆವು. ಅಮ್ಮ ಕಣ್ಣು ಅಗಲಿಸಿ, "ಪಾತ್ರೆ ಯಾಕಿಂಗೆ ಬಡೀತಿದಾಳೆ ಇವ್ಳು?" ಅಂದು ಕಿತ್ತು ಡ್ರಾಗೆ ಹಾಕಿದಳು.

ಕಡೆಗೆ ತಟ್ಟೆ ಹಿಡಿದು ನಾನೇ ತಿನ್ನಿಸಿದೆ. ತಿಂದಳು. ಚಿಕ್ಕವನಿದ್ದಾಗ ಎಷ್ಟು ತಿನ್ನಿಸಿದ್ದಾಳೋ... ಒಂದು ತುತ್ತಿನ ಋಣವಾದರೂ ತೀರಿತು.

ಆದರೆ ಡಾಕ್ಟ್ರು ಹೇಳಿದ್ದು ತಲೆಯಲ್ಲಿ ಸುತ್ತುತ್ತಿದೆ. ಧ್ವನಿ ಹೇಗಿರುತ್ತೆ ಅಂತ ಹೇಳೋಕಾಗಲ್ಲ. ಬೇರೆ ಏನು ಹೋದರೂ ಹೋಗಲಿ. ಇವಳ ಕಿವಿಗೆ ಹೋಗೋದು ಇದೊಂದೇ ಧ್ವನಿ.

ಜನವರಿ 12, ಭಾನುವಾರ

ಬಾಯಿಲ್ಲದವನಿಗೆ ನೆನಪು ಜಾಸ್ತಿ. ಬರೀತೀನಿ.

ಅಪ್ಪ, ರಾಮಯ್ಯ. ಹಗಲು ಹೂಕೋಸಿನ ತೋಟ, ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ನಾಟಕದ ತಾಲೀಮು. ರಾಜಪಾರ್ಟು! ಕಿರೀಟ, ಗದೆ, ಎದೆ ಮೇಲೆ ಹೊಳೆಯುವ ತಗಡು. ಪರದೆ ಹಿಂದಿನಿಂದಲೇ ಒಂದು ಘರ್ಜನೆ ಹಾಕೋನು, ಕೊನೆಯ ಸಾಲಿನ ಮಗು ಬೆಚ್ಚಿ ಅಳೋದು. ಆಮೇಲೆ ಪ್ರವೇಶ — ಎದೆ ಮುಂದೆ, ಬಲಗೈಯಲ್ಲಿ ಮೀಸೆ ತಿರುವುತ್ತಾ. ಮೈಕು ಅನ್ನೋದು ಪುಕ್ಕಲರ ಸಾಮಾನು ಅನ್ನೋನು.

ನಾನು ಆ ನಾಟಕದ ಮರದ ಗದೆ ಕದ್ದು ಸ್ಕೂಲ್ ಹಿಂದೆ ರಬ್ಬರ್ ಚೆಂಡು ಬಾರಿಸುತ್ತಿದ್ದೆ. ಪಿ.ಟಿ. ಮೇಷ್ಟ್ರು ರೇವಣಸಿದ್ದಯ್ಯ ನೋಡಿದರು. ಬೈಯಲಿಲ್ಲ. ಗದೆ ತೆಗೆದುಕೊಂಡರು, ಹಳೇ ಹಾಕಿ ಸ್ಟಿಕ್ ಕೊಟ್ಟರು. "ಅದು ಭುಜದ ಮೇಲೆ ಇರೋದು. ಇದು ನೆಲದ ಮೇಲೆ ಇರೋದು. ಬಗ್ಗು."

ಬಗ್ಗಿದೆ. ಬಗ್ಗಿದ್ದಕ್ಕೆ ಎಲ್ಲಾ ಸಿಕ್ಕಿತು! ಸ್ಟೇಟ್ ಟೀಮಿನ ಸೆಂಟರ್ ಹಾಫ್. ಬ್ಯಾಂಕಿನ ಟೀಮು, ಬ್ಯಾಂಕಿನ ನೌಕರಿ. ಇಂಡಿಯಾ ಕ್ಯಾಂಪಿಗೂ ಕರೆ ಬಂತು. ಅಲ್ಲಿ ಮೊಣಕಾಲು ಕೈಕೊಟ್ಟಿತು. ನೀಲಿ ಜೆರ್ಸಿ ಮಡಚಿದ ಹಾಗೇ ವಾಪಸ್ ಕೊಟ್ಟೆ. ಜನ "ಅಯ್ಯೋ" ಅಂತಾರೆ. ಯಾಕೆ ಅಯ್ಯೋ? ಆ ಮೊಣಕಾಲು ನೆಟ್ಟಗಿದ್ದಿದ್ದರೆ ಈ ಹುಡುಗಿಯರು ಎಲ್ಲಿ ಸಿಗೋರು? ಮೊಣಕಾಲೇ, ನಿನಗೂ ಒಂದು ನಮಸ್ಕಾರ.

ರೇವಣಸಿದ್ದಯ್ಯ ಮೇಷ್ಟ್ರು ಒಂದು ದಿನವೂ ಕೂಗಿದವರಲ್ಲ. ಗ್ರೌಂಡಿನ ಆ ತುದಿಯಿಂದ ನಡೆದುಕೊಂಡು ಬರೋರು. ಮೊಣಕೈ ಮೇಲೆ ಎರಡು ಬೆರಳು ಇಡೋರು. ಹೇಳಬೇಕಾದ್ದು ಅಷ್ಟರಲ್ಲೇ ಗೊತ್ತಾಗೋದು. ನಾನು ಕೋಚ್ ಆದಾಗ ಅವರಿಂದ ಆಟ ತಗೊಂಡೆ, ಅಪ್ಪನಿಂದ ಗಂಟಲು ತಗೊಂಡೆ. ಹಾಕಿಗೆ ನಾಟಕದ ಭಾಷೆ ಕಲಿಸಿದವನು ನಾನೊಬ್ಬನೇ ಇರಬೇಕು. "ಪರದೆ!" ಅಂದರೆ ಎಲ್ಲರೂ ಹಿಂದೆ ಬಂದು ಗೋಲಿನ ಮುಂದೆ ಅಡ್ಡ ನಿಲ್ಲೋದು. "ಪ್ರವೇಶ!" ಅಂದರೆ ಎಲ್ಲರೂ ಮುಂದೆ ನುಗ್ಗೋದು. ಅಂಪೈರ್‌ಗಳು ನಗ್ತಾರೆ. ನಗಲಿ.

ಇವತ್ತು ಸನ್ನೆ ಕಲಿಸಿದೆ. ಎರಡೂ ಕೈ ಅಗಲಿಸಿ ಮೆಲ್ಲಗೆ ಇಳಿಸಿದರೆ ಪರದೆ. ಎದೆಯುಬ್ಬಿಸಿ ಮೀಸೆ ತಿರುವಿದರೆ ಪ್ರವೇಶ. ಹುಡುಗಿಯರಿಗೆ ಭಾರೀ ಖುಷಿ. ಎಲ್ಲರೂ ಇಲ್ಲದ ಮೀಸೆ ತಿರುವಿದ್ದೇ ತಿರುವಿದ್ದು.

ಒಬ್ಬಳು ಮಾತ್ರ ಸುಮ್ಮನಿದ್ದಳು. ಗೋಲ್‌ಕೀಪರ್ ಮುತ್ತವ್ವ. ಅವಳು ಯಾವಾಗಲೂ ಸುಮ್ಮನೆ.

ಜನವರಿ 14, ಸಂಕ್ರಾಂತಿ

ಎಳ್ಳು ಬೆಲ್ಲ ಎಲ್ಲರ ಮನೆಯಿಂದ ಬಂತು. "ಒಳ್ಳೇ ಮಾತಾಡಿ" ಅಂತ ಹೇಳಿ ಕೊಟ್ಟೋರೆಲ್ಲ ನಾಲಿಗೆ ಕಚ್ಚಿಕೊಂಡು ಹೋದರು. ಬಿದ್ದು ಬಿದ್ದು ನಕ್ಕಳು ಲತಾ.

ಸಂಜೆ ಮರೆಪ್ಪ ಬಂದ, ಮುತ್ತವ್ವನ ಅಪ್ಪ. ಯಾದಗಿರಿ ಕಡೆಯವನು, ಉಲ್ಲಾಳದ ಹತ್ತಿರ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಹಾಕ್ತಾನೆ. ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿದ್ದ. ಹಿಂದೆ ಮಗಳು.

"ನಮಸ್ಕಾರ್ರೀ ಸರ್. ದನಿ ಹೋಗೇತಂತ ಹೇಳಿದ್ಳು ಮಗಳು. ಮನಿಯಾಗ ಇಕಿ ನಿಮ್ಮಂಗ ಒದರಿ ತೋರಸ್ತಾಳ್ರೀ. ಓಣಿ ಮಂದಿ ಎಲ್ಲಾ ಹೊರಗ ಬಂದು ನಿಂದರ್ತಾರ."

"ಅಪ್ಪಾ, ಸುಮ್ನಿರು!" — ಮುತ್ತವ್ವ ಕೆಂಪಗಾದಳು.

ನಾನು ಬೆರಗಾದೆ! ಈ ಹುಡುಗಿ? ಒದರೋದು? ಎರಡು ವರ್ಷದಿಂದ ನನ್ನ ಗೋಲಿನಲ್ಲಿ ನಿಂತು ಒಂದು ಮಾತಾಡದ ಈ ಹುಡುಗಿ?

ಸ್ಲೇಟಿನಲ್ಲಿ ಬರೆದೆ: ಎಲ್ಲರ ಹಿಂದೆ ನಿಂತಿರೋಳು ನೀನು. ಇಡೀ ಆಟ ಕಾಣೋದು ನಿನಗೆ. ಗ್ರೌಂಡಲ್ಲಿ ಯಾಕೆ ಕೂಗಲ್ಲ?

ಓದಿದಳು. ರೊಟ್ಟಿ ಗಂಟಿನ ತುದಿ ತಿರುಚಿದಳು.

"ನಗ್ತಾರ್ರೀ ಸರ್. ಬಂದ ಹೊಸ್ತಾಗಿ ಒಮ್ಮೆ 'ಲಗೂ ಬರ್ರೇ' ಅಂದಿದ್ದೆ. ಒಂದ್ ತಿಂಗ್ಳು ನನಗ ಲಗೂ ಲಗೂ ಅಂತ ಕರದ್ರು. ಮತ್ತ ನೀವ ಒದರತಿದ್ರಿ. ನಂದೇನ್ ಕೆಲಸ ಅಂತ ಸುಮ್ನಾದೆ."

 ಸ್ಲೇಟು ಒರೆಸಿದೆ. ಬಹಳ ಹೊತ್ತು ಒರೆಸಿದೆ. ಆಮೇಲೆ ಬರೆದೆ: ನಗಲಿ. ಕೂಗು.

ಅವಳು ತಲೆ ಆಡಿಸಿದಳು. ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಅಮ್ಮ ಮರೆಪ್ಪನ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದಳು. ಹಲ್ಲಿಲ್ಲದವರಿಗೂ ದಾರಿಯುಂಟು.

ಜನವರಿ 19, ಭಾನುವಾರ

ಮೊದಲ ಮ್ಯಾಚು. ಗೆದ್ದೆವು, 3–0. ಎದುರಾಳಿ ಎಳಸು. ಮುತ್ತವ್ವನ ಹತ್ತಿರ ಬಾಲೇ ಹೋಗಲಿಲ್ಲ. ಅವಳು ಬಾಯೂ ಬಿಡಲಿಲ್ಲ... ಬಿಟ್ಟಳು ಅಂತ ರಮ್ಯಶ್ರೀ ಹೇಳ್ತಾಳೆ. "ಏನೋ ಗೊಣಗಿದ್ಳು ಸಾರ್. 'ಎಡಕ್ಕ' ಅಂದಂಗಿತ್ತು." ಹೆಲ್ಮೆಟ್ಟಿನೊಳಗೇ ಗೊಣಗಿದರೆ ಹೆಲ್ಮೆಟ್ಟಿಗೇ ಕೇಳೋದು.

ಜನವರಿ 25, ಶನಿವಾರ. ಸಂಜೆ

 ಕೇಳಿರಯ್ಯಾ ಸಭಿಕರೇ! ಯಾವ ಸಭಿಕರೂ ಇಲ್ಲ, ಗೊತ್ತು. ಆದರೂ ಕೇಳಿ!

ಸೆಮಿಫೈನಲ್. ಶಾಂತಿನಗರದ ಟರ್ಫು. ಹಾಸನದ ಹಾಸ್ಟೆಲ್ ಹುಡುಗಿಯರ ಮೇಲೆ. ಮಣ್ಣಿನಲ್ಲಿ ಆಡಿದ ನಮ್ಮ ಮಕ್ಕಳಿಗೆ ಆ ನೀಲಿ ಟರ್ಫಿನ ಮೇಲೆ ಬಾಲು ಎಣ್ಣೆ ಹಚ್ಚಿದ ಹಾಗೆ ಓಡುತ್ತೆ. ಆದರೂ ಮೂರನೇ ಕ್ವಾರ್ಟರಿನಲ್ಲಿ ಶಾರ್ಟ್ ಕಾರ್ನರ್ ಸಿಕ್ಕಿ ರಮ್ಯಶ್ರೀ ಹೊಡೆದಳು. ಗೋಲಿನ ಹಲಗೆಗೆ ಬಡಿದ ಸದ್ದು — ಢಣ್! 1–0.

ಕೊನೆಯ ಕ್ವಾರ್ಟರಿನ ಕೊನೆ. ಹಾಸನದವರು ಅಲೆ ಅಲೆಯಾಗಿ ಬರ್ತಿದಾರೆ. ಈಗ ಬೇಕಾದ್ದು ಪರದೆ. ಎಲ್ಲರೂ ಹಿಂದೆ ಬಂದು ಅಡ್ಡ ನಿಂತು ಗಡಿಯಾರ ಮುಗಿಸಬೇಕು. ರಮ್ಯಶ್ರೀ ನನ್ನ ಕಡೆ ನೋಡಿದಳು. ಕೈ ಅಗಲಿಸಬೇಕು, ಇಳಿಸಬೇಕು. ಅಷ್ಟೇ ನನ್ನ ಪಾರ್ಟು.

ನನಗೋ ಟೆನ್ಷನ್. ಟೆನ್ಷನ್ ಆದರೆ ಈ ಬಲಗೈ ಹುಟ್ಟಿದಾಗಿಂದ ಹೋಗೋದು ಒಂದೇ ಕಡೆ.

ಮೀಸೆಗೆ!

ತಿರುವಿದೆ. ನನಗೆ ಗೊತ್ತೇ ಆಗಲಿಲ್ಲ. ಉಸಿರು ಬಿಗಿಹಿಡಿದಿದ್ದೆನಲ್ಲ, ಎದೆಯೂ ಉಬ್ಬಿತ್ತು. ಮಕ್ಕಳು ನೋಡಿದರು. ಎದೆ, ಮೀಸೆ — ಪ್ರವೇಶ! ಎಲ್ಲರೂ ಹೋ ಅಂತ ಮುಂದೆ ನುಗ್ಗಿದರು. ಫುಲ್‌ಬ್ಯಾಕ್‌ಗಳೂ! ಹಿಂದೆ ಬಯಲು. ಬಯಲಿನಲ್ಲಿ ಒಬ್ಬಳೇ ಮುತ್ತವ್ವ. ಮುಂದೆ ಬಾಲು ಕಳಕೊಂಡೆವು. ಹಾಸನದ ಮೂವರು ಈ ಕಡೆ ತಿರುಗಿದರು.

ನಾನು ಎರಡೂ ಕೈ ಅಗಲಿಸಿ ಇಳಿಸಿದೆ, ಮತ್ತೆ ಇಳಿಸಿದೆ, ಕೋಳಿ ರೆಕ್ಕೆ ಬಡಿದ ಹಾಗೆ ಬಡಿದೆ. ಯಾರು ನೋಡ್ತಾರೆ? ಎಲ್ಲರ ಬೆನ್ನು ನನ್ನ ಕಡೆ. ಗಂಟಲಿಗೆ ಘರ್ಜನೆ ಬಂದು ನಿಂತಿತು. ಒಂದೇ ಕೂಗು, ಒಂದೇ... ಅಮ್ಮನ ಮುಖ ಕಣ್ಣಿಗೆ ಬಂತು. ಹಲ್ಲು ಕಚ್ಚಿದೆ.

ಆಗ ಕೇಳಿತು.

"ಪರದೀ! ಪರದಿ ಇಳಸ್ರೇ ಯವ್ವಾ! ಲಗೂ ಬರ್ರೇ, ಲಗೂ!"

ಹೆಲ್ಮೆಟ್ಟಿನೊಳಗಿಂದ! ಮೈಕಿಲ್ಲದೆ! ಸ್ಟೇಡಿಯಮ್ಮಿನ ಗೋಡೆಗೆ ಬಡಿದು ವಾಪಸ್ ಬಂತು ಆ ಧ್ವನಿ. ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ಎದ್ದು ನಿಂತರು. ಪ್ರತಿ ಹುಡುಗಿಯೂ ಗಿರ್ರನೆ ತಿರುಗಿ ಓಡಿದಳು. ರಮ್ಯಶ್ರೀ ಎಲ್ಲಿಂದ ಬಂದಳೋ, ಮಲಗಿ ಸ್ಟಿಕ್ ಚಾಚಿದಳು. ಉಳಿದದ್ದನ್ನು ಮುತ್ತವ್ವ ಕಾಲಿನ ಪ್ಯಾಡಿನಲ್ಲಿ ಒದ್ದು ಹೊರಗೆ ಹಾಕಿದಳು.

ಹೂಟರ್.

ಯಾರೂ ನಗಲಿಲ್ಲ. ಅಲ್ಲ — ನಕ್ಕರು, ಬಸ್ಸಿನಲ್ಲಿ. ಇಡೀ ಬಸ್ಸು ಒಟ್ಟಿಗೆ, "ಪರದಿ ಇಳಸ್ರೇ ಯವ್ವಾ!" ಮುತ್ತವ್ವ ಕಿಟಕಿ ಕಡೆ ಮುಖ ಮಾಡಿ, "ಸುಮ್ನ ಕುಂದರ್ರೇ, ಹಲ್ಲ ಉದರಸ್ತೀನಿ" ಅಂದಳು. ಕಂಡಕ್ಟರ್ ಕೂಡ ಚಪ್ಪಾಳೆ.

ರಮ್ಯಶ್ರೀ ಇಳಿಯುವಾಗ ಕೈಮುಗಿದು, "ಸಾರ್, ಒಂದು ರಿಕ್ವೆಸ್ಟ್. ನಾಳೆ ಫೈನಲ್. ದಯವಿಟ್ಟು ಮೀಸೆ ಮುಟ್ಬೇಡಿ" ಅಂದಳು.

ಜನವರಿ 26, ಭಾನುವಾರ. ಬೆಳಗ್ಗೆ

ಮೀಸೆ ಬೋಳಿಸಿದೆ!

ಕೈ ತಡೆಯೋಕಾಗಲ್ಲ. ಮೀಸೆಯೇ ಇಲ್ಲದಿದ್ದರೆ? ಯೌವನದಿಂದ ಬೆಳೆಸಿದ್ದು. ಕನ್ನಡಿಯಲ್ಲಿ ಯಾರೋ ಅಪರಿಚಿತ ಗುಮಾಸ್ತ ನಿಂತಿದ್ದಾನೆ.

ಲತಾ ಬಾಗಿಲಲ್ಲಿ ನೋಡಿ, "ಯಾರು ಬೇಕಿತ್ತು?" ಅಂದಳು.

ಅಮ್ಮ ಹತ್ತಿರ ಕರೆದು ಕೆನ್ನೆ ಸವರಿದಳು. "ನಿಮ್ಮಪ್ಪನೂ ಹಿಂಗೇ ಇದ್ರು ಕಣೋ. ಮೊದ್ಲು ಸ್ತ್ರೀಪಾರ್ಟು ಮಾಡ್ತಿದ್ರಲ್ಲ. ಮೆತ್ತಗೆ ಮಾತಾಡೋರು ಆಗ. ನಾನು ಒಪ್ಕೊಂಡಿದ್ದು ಆ ಸ್ವರನ. ಈ ಗುಡುಗು ಎಲ್ಲಾ ಮದ್ವೆ ಆದ್ಮೇಲೆ."

ಇಷ್ಟು ವರ್ಷ ಈ ಮಾತು ಹೇಳಿರಲಿಲ್ಲ ಅಮ್ಮ. ನಾನು ಸುಮ್ಮನಿದ್ದುದಕ್ಕೆ ಬಂತು.

ಜನವರಿ 26. ವಾಪಸ್ ಬಂದು

ಸೋತೆವು.

ಕೊಡಗಿನ ಹುಡುಗಿಯರು. ತೊಟ್ಟಿಲಲ್ಲೇ ಸ್ಟಿಕ್ ಹಿಡಿದವರು. 1–1. ಶೂಟೌಟ್‌ನಲ್ಲಿ 3–2. ಮುತ್ತವ್ವ ಎರಡು ತಡೆದಳು. ಕೊನೆಯದು ಅವಳ ಗ್ಲೌಸ್ ಸವರಿಕೊಂಡೇ ಒಳಗೆ ಹೋಯಿತು.

ಆದರೆ ಏನು ಆಟ! ಇಡೀ ಮ್ಯಾಚು ನಮ್ಮ ಮಕ್ಕಳು ಮಾತಾಡಿದರು. "ನಿನ್ ಹಿಂದೆ ಕಣೇ", "ಬಿಡು ನಂದು", "ಎಡಕ್ಕ ಹೋಗ ಯವ್ವಾ". ಕುರುಬರಹಳ್ಳಿ, ಕೆಂಗೇರಿ, ಯಾದಗಿರಿ ಎಲ್ಲಾ ಕಲಸಿದ ಭಾಷೆ. ಬೆಂಚಿನಲ್ಲಿ ಕೂತು ಕೇಳಿದೆ. ನಾನು ಸಭಿಕ! ಜನ್ಮದಲ್ಲಿ ಮೊದಲ ಸಲ ಕೆಳಗೆ ಕೂತು ನಾಟಕ ನೋಡಿದವನು. ಕೆಳಗಿಂದ ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ಯಾರೂ ಹೇಳಿರಲಿಲ್ಲ.

ಮುತ್ತವ್ವ ಗೋಲಿನೊಳಗೇ ಕೂತು ಅಳುತ್ತಿದ್ದಳು. ಹಿಂದಾದರೆ ಲೈನಿನಿಂದಲೇ ಒಂದು ವೀರಭಾಷಣ ಹೊಡೆಯುತ್ತಿದ್ದೆ. ನಡೆದುಕೊಂಡು ಹೋದೆ. ಮೊಣಕಾಲು ನೋಯುತ್ತಿತ್ತು, ಆ ತುದಿ ದೂರ. ಪಕ್ಕದಲ್ಲಿ ಬಗ್ಗಿದೆ.  ಮೊಣಕೈ ಮೇಲೆ ಎರಡು ಬೆರಳು ಇಟ್ಟೆ.

ಅವಳು ಮುಖ ಎತ್ತಿದಳು. "ಮುಂದಿನ್ ಸಲ ಹಿಡೀತೀನ್ರೀ ಸರ್."

ಮೇಷ್ಟ್ರೇ... ನಿಮ್ಮ ಬೆರಳು ಇನ್ನೂ ಕೆಲಸ ಮಾಡುತ್ತೆ.

ಜನವರಿ 29, ಬುಧವಾರ

ಕರಗಿಲ್ಲ.

ಡಾಕ್ಟ್ರು ಮತ್ತೆ ಟಿವಿ ತೋರಿಸಿದರು. ಅವರೆಕಾಳು ಹಾಗೇ ಕೂತಿದೆ. ಸೋಮವಾರ ಆಪರೇಷನ್. ತೆಗೆದದ್ದನ್ನು ಟೆಸ್ಟಿಗೆ ಕಳಿಸ್ತಾರಂತೆ. ಯಾವ ಟೆಸ್ಟು ಅಂತ ನಾನು ಬರೆದು ಕೇಳಲಿಲ್ಲ. ಲತಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತು.

ಸ್ಕೂಟರಿನಲ್ಲಿ ಹಿಂದೆ ಕೂತವಳು ಹಾವನೂರು ಸರ್ಕಲ್ ದಾಟಿದ ಮೇಲೆ ನನ್ನ ಬೆನ್ನಿಗೆ ಹಣೆ ಒತ್ತಿ ಹೇಳಿದಳು — "ಧ್ವನಿ ಬರ್ಲಿಲ್ಲ ಅಂದ್ರೂ ಪರ್ವಾಗಿಲ್ಲ ರೀ. ಮೂವತ್ತು ವರ್ಷ ಕೇಳಿಸ್ಕೊಂಡಿದೀನಿ. ಸ್ಟಾಕ್ ಇದೆ."

ಸಿಗ್ನಲ್ಲಿನಲ್ಲಿ ಕಣ್ಣು ಮಂಜು. ಹಿಂದಿನವನು ಹಾರ್ನ್ ಹೊಡೆದ. ಹೊಡ್ಕೊಳ್ಳಪ್ಪಾ.

ಲತಾಳ ಹತ್ತಿರ ಸ್ಟಾಕ್ ಇದೆ. ಅಮ್ಮ ಎಲ್ಲಿಂದ ತರ್ತಾಳೆ?

ಫೆಬ್ರವರಿ 7, ಶುಕ್ರವಾರ

ಬದುಕಿದ್ದೇನೆ. ಆಪರೇಷನ್ ಆಯ್ತು. ಗಂಟಲಲ್ಲಿ ಮುಳ್ಳು ಮುರಿದ ಹಾಗೆ. ಗಂಜಿ, ಮಜ್ಜಿಗೆ. ರಿಪೋರ್ಟು ಬಂದಿಲ್ಲ.

ಬರೆಯೋಕೂ ಮನಸ್ಸಿಲ್ಲ.

ಫೆಬ್ರವರಿ 11, ಮಂಗಳವಾರ

ಬಂತು! ಏನಿಲ್ಲ! ಬರೀ ಗಂಟು! ಕೆಟ್ಟದ್ದಲ್ಲ!

ಲತಾ ಫೋನಿನಲ್ಲಿ ಕೇಳಿ ಅಲ್ಲೇ ನೆಲದ ಮೇಲೆ ಕೂತಳು. ನಾನು ವರಾಂಡದಲ್ಲಿ ಎದೆಯುಬ್ಬಿಸಿ, ಇಲ್ಲದ ಮೀಸೆ ತಿರುವಿ, ಒಂದು ಸುತ್ತು ಪ್ರವೇಶ ಹಾಕಿದೆ. ಮೇಲಿನ ಮನೆಯ ಬಾಡಿಗೆಯವರು ಕಿಟಕಿಯಿಂದ ನೋಡಿದರು. ನೋಡಲಿ.

ಎಷ್ಟು ಜನಕ್ಕೆ ನಮಸ್ಕಾರ ಹೇಳಬೇಕು. ಡಾಕ್ಟ್ರಿಗೆ. ದಿನಾ ಎಳನೀರು ಇಟ್ಟುಹೋಗುವ ಮರೆಪ್ಪನಿಗೆ. ನಾನಿಲ್ಲದಾಗಲೂ ಪ್ರಾಕ್ಟೀಸ್ ನಡೆಸಿದ ರಮ್ಯಶ್ರೀಗೆ. ಅವಳು ದಿನಾ ವಾಯ್ಸ್ ಮೆಸೇಜ್ ಕಳಿಸ್ತಾಳೆ — "ಸಾರ್, ಇವತ್ತು ಮುತ್ತು ಎಲ್ರಿಗೂ ಬೈದ್ಳು. ಸೂಪರ್ ಆಗಿತ್ತು."

ಅಮ್ಮನಿಗೆ ಏನೂ ಹೇಳಿರಲಿಲ್ಲ. ಹೇಳೋದಾದರೂ ಹೇಗೆ. ಆದರೂ ಏನೋ ತಿಳಿದಿದೆ. ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಗಂಟಲ ಮೇಲೆ ಅಂಗೈ ಇಟ್ಟಳು. ಬಿಸಿ ಅಂಗೈ, ಒರಟು. ಹಾಗೇ ಇಟ್ಟುಕೊಂಡು ಕೂತಳು, ರೇಡಿಯೋ ಕೇಳೋ ಹಾಗೆ. ಉಗುಳು ನುಂಗಿದೆ. ಅವಳ ಕೈ ಅದರ ಜೊತೆ ಏರಿ ಇಳಿಯಿತು.

"ಒಳಗಡೆ ಐತೆ" ಅಂದಳು.

ಫೆಬ್ರವರಿ 16, ಭಾನುವಾರ

ಡಾಕ್ಟ್ರು ಭಾನುವಾರವೂ ಕ್ಲಿನಿಕ್ ತೆಗೆದರು, ನನಗೋಸ್ಕರ.

"'ಆ' ಅನ್ನಿ ಸಾರ್. ಮೆಲ್ಲಗೆ."

ಅಂದೆ.

ಯಾರದು ಅದು? ತಿತ್ತಿ ಹರಿದ ಹಾರ್ಮೋನಿಯಂ. ಪಕ್ಕದ ಮನೆಯ ರೇಡಿಯೋ. ಲತಾ ನನ್ನ ಕೈ ಹಿಡಿದಳು.

"ಚೆನ್ನಾಗಿದೆ" ಅಂದರು ಡಾಕ್ಟ್ರು. "ಇನ್ನೂ ಸ್ವಲ್ಪ ತಿಳಿಯಾಗುತ್ತೆ. ದಿನಕ್ಕೆ ಕೆಲವು ಮಾತು, ಎದುರಿಗೆ ಕೂತವರ ಹತ್ರ. ಆದ್ರೆ ಒಂದು ನೇರವಾಗಿ ಹೇಳ್ತೀನಿ. ಮಾತು ಬರುತ್ತೆ. ಕೂಗು ಬರಲ್ಲ. ಬಂದ್ರೂ ಬೇಡ."

ಮೊದಲ ಮಾತು ಅಪ್ಪನ ಪ್ರವೇಶದ ಘರ್ಜನೆ ಆಗಬೇಕು ಅಂತ ಇಷ್ಟು ದಿನ ಕಾದಿಟ್ಟಿದ್ದೆ. ಲತಾಳ ಕಡೆ ತಿರುಗಿದೆ. "ಕಾಫಿ ಕುಡಿಯೋಣ್ವಾ?" ಅಂದೆ. ಅವಳು ಅಳೋಕೆ ಶುರು ಮಾಡಿದಳು. ಮೂವತ್ತು ವರ್ಷದಲ್ಲಿ ಯಾವ ಡೈಲಾಗಿಗೂ ಅತ್ತವಳಲ್ಲ.

ಮನೆಗೆ ಬಂದಾಗ ಅಮ್ಮ ಎದ್ದಿದ್ದಳು, ಜಗಲಿಯಲ್ಲಿ. ನಾನು ಏನೂ ಮಾತಾಡಲಿಲ್ಲ. ಹೆದರಿಕೆ. ಬರೆಯೋಕೇನು ನಾಚಿಕೆ, ಹೆದರಿಕೆಯೇ. ನಾನು ಮಾತಾಡಿ ಅವಳಿಗೆ ಕೇಳದಿದ್ದರೆ? ಮೌನ ಅಂತಾದರೆ ಒಂದು ಆಸೆಯಾದರೂ ಇರುತ್ತೆ.

ಫೆಬ್ರವರಿ 17, ಸೋಮವಾರ. ಸಂಜೆ

ಗ್ರೌಂಡಿಗೆ ಹೋಗಿದ್ದೆ. ಬೆಳಗ್ಗೆ ಗೇಟಿನಲ್ಲಿ ಎದುರುಮನೆಯವರು ಕಾಯುತ್ತಿದ್ದರು. "ಸಾರ್, ನಾವೇ ಅಲಾರಂ ತಗೊಂಡ್ವಿ" ಅಂದರು.

ಹುಡುಗಿಯರು ಸುತ್ತ ಒತ್ತೊತ್ತಾಗಿ ನಿಂತರು. ಹತ್ತಿರ ಬಂದರೆ ಮಾತ್ರ ಕೇಳುತ್ತೆ ನನ್ನ ಮಾತು. ಬಂದರು. ಇಷ್ಟು ಹತ್ತಿರದಿಂದ ಅವರ ಮುಖ ನೋಡಿಯೇ ಇರಲಿಲ್ಲ. ಒಬ್ಬಳ ಹುಬ್ಬಿನ ಮೇಲೆ ಹಳೇ ಹೊಲಿಗೆ ಗುರುತಿದೆ. ರಮ್ಯಶ್ರೀಗೆ ಬ್ರೇಸಸ್ ಹಾಕಿದಾರೆ — ಯಾವಾಗ?

"ಚೆನ್ನಾಗಿ ಆಡಿದ್ರಿ" ಅಂದೆ. ಅಷ್ಟೇ ಅಂದದ್ದು.

ಮುತ್ತವ್ವ ತಲೆ ವಾರೆ ಮಾಡಿ ಕೇಳಿದಳು. "ಸರ್, ನಿಮ್ ದನಿ ನಮ್ಮ ಮುತ್ಯಾನ ಹಂಗ ಆಗೇತ್ರೀ."

"ಮುತ್ಯಾ ಅಂದ್ರೆ ತಾತನಾ? ಹೆಂಗಿದ್ರು?"

"ಭಾಳ ಚಲೋ ಇದ್ರು. ಏನ್ ಹೇಳ್ಬೇಕಂದ್ರೂ ಬಾಜೂಕ ಬಂದು ಕುಂದರ್ತಿದ್ರು."

ಆಮೇಲೆ ಗೋಲಿಗೆ ಹೋಗಿ ನಿಂತು ಒಂದು ಕೂಗು ಹಾಕಿದಳು. ಜ್ಞಾನಭಾರತಿಯ ಕಾಗೆಗಳೆಲ್ಲ ಎದ್ದವು. ಅಪ್ಪಾ, ಕೇಳಿಸ್ತಾ? ಕೊನೇ ಸಾಲಿಗೂ ಹೋಯ್ತು.

ಈಗ ವರಾಂಡ. ಕುರ್ಚಿ ನಡುಗುತ್ತಿದೆ. ಲತಾ ಒಳಗೆ ಅವರೆ ಹಿತಕುತ್ತಿದ್ದಾಳೆ, ಈ ವರ್ಷದ ಕೊನೆಯ ಅವರೆ. ಈ ಡೈರಿಯಲ್ಲಿ ಇನ್ನೂ ಎಷ್ಟೊಂದು ಹಾಳೆ ಖಾಲಿ...

ಅಮ್ಮ ಕರೀತಿದಾಳೆ. ಹಿತ್ತಲಿನಿಂದ. "ಯೋಗಾ... ಲೋ ಯೋಗಾ..."

ಇಲ್ಲಿಂದಲೇ "ಬಂದೇ!" ಅಂತ ಕೂಗೋದು ಜೀವಮಾನದ ಅಭ್ಯಾಸ. ಬಾಯಿ ತೆರೆದೂ ಆಯ್ತು. ಕೇಳಲ್ಲ ಅವಳಿಗೆ, ಇಲ್ಲಿಂದ. ಎದ್ದು ಹೋಗಿ, ಪಕ್ಕದಲ್ಲಿ ಕೂತು, ಆ ಅಂಗೈ ತಗೊಂಡು ಇಲ್ಲಿ ಗಂಟಲ ಮೇಲೆ ಇಟ್ಟು, ಮೆಲ್ಲಗೆ "ಬಂದೆ ಅಮ್ಮಾ" ಅಂತೀನಿ.